ದವಡೆಯ ಕೀಲಿಗೆ ಸ್ಟಿರಾಯ್ಡ್: ಉಪಶಮನವೂ ಅಪಾಯವೂ

ಕಿವಿಯ ಮುಂಭಾಗದಲ್ಲಿ ಕಾಡುವ ನೋವನ್ನೆಲ್ಲ ದವಡೆ ಕೀಲಿನ ಉರಿಯೂತವೆಂದು ಭಾವಿಸುವುದು ತಪ್ಪು. ಅನೇಕರಲ್ಲಿ ಅದು ಅಗಿಯುವ ಸ್ನಾಯುಗಳ ನೋವಾಗಿದ್ದು, ಮೆತ್ತನೆಯ ಆಹಾರ, ಶಾಖ ಹಾಗೂ ದವಡೆಯ ವ್ಯಾಯಾಮದಿಂದಲೇ ತಗ್ಗುತ್ತದೆ. ಅಂಥವರ ಕೀಲಿಗೆ ಸ್ಟಿರಾಯ್ಡ್ ಚುಚ್ಚುವುದರಲ್ಲಿ ಅರ್ಥವಿಲ್ಲ. ಸಂಧಿವಾತದಂಥ ಕಾಯಿಲೆಯಿಂದ ಕೀಲುಪೊರೆಯೇ ಊದಿಕೊಂಡು, ಮೂರು ಬೆರಳು ಹಿಡಿಸುವಷ್ಟು ತೆರೆಯುತ್ತಿದ್ದ ಬಾಯಿ ಒಂದೂವರೆ ಬೆರಳಿಗೇ ನಿಂತು, ಮಾತ್ರೆಗಳೂ ಸಾಲದೆ ಹೋದಾಗ ಮಾತ್ರ ಚುಚ್ಚುಮದ್ದಿನ ಮಾತು ಬರಬೇಕು.

ಆಗ ಅದು ಮಾಡುವ ಕೆಲಸ ನಿಜಕ್ಕೂ ಬೆರಗು ಹುಟ್ಟಿಸುತ್ತದೆ. ಸ್ಟಿರಾಯ್ಡ್ ಜೀವಕೋಶದ ಪೊರೆಯನ್ನು ಸಲೀಸಾಗಿ ದಾಟಿ, ಒಳಗಿನ ಗ್ರಾಹಕ ಪ್ರೋಟೀನನ್ನು ಜೊತೆಮಾಡಿಕೊಂಡು ಕೋಶಕೇಂದ್ರವನ್ನು ಹೊಕ್ಕು, ಉರಿಯೂತವನ್ನು ಹೆಚ್ಚಿಸುವ ಜೀನ್‌ಗಳನ್ನು ಅಡಗಿಸುತ್ತದೆ. ನೋವಿನ ಮಾತ್ರೆಯಾದ ಐಬುಪ್ರೊಫೇನ್, ನೋವು-ಊತ ತರುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕದ ತಯಾರಿಯನ್ನಷ್ಟೇ ತಡೆದರೆ, ಸ್ಟಿರಾಯ್ಡ್ ಅದರ ಮೂಲವಸ್ತುವಾದ ಅರಾಕಿಡೋನಿಕ್ ಆಮ್ಲದ ಬಿಡುಗಡೆಯನ್ನೇ ತಗ್ಗಿಸುತ್ತದೆ. ಮೊದಲನೆಯದು ಒಂದು ಕಾಲುವೆಗೆ ಅಡ್ಡಗಟ್ಟಿದಂತೆ, ಎರಡನೆಯದು ಕೆರೆಯ ತೂಬನ್ನೇ ಮುಚ್ಚಿದಂತೆ. ಜೀನ್‌ಗಳ ಮಟ್ಟದ ಈ ಕೆಲಸಕ್ಕೆ ಗಂಟೆಗಟ್ಟಲೆ ಸಮಯ ಬೇಕು; ಚುಚ್ಚಿದ ಕೂಡಲೇ ಸಿಗುವ ನೆಮ್ಮದಿ, ಅರಿವಳಿಕೆಯನ್ನೂ ಬೆರೆಸಿದ್ದರೆ, ಅದರಿಂದ ಬಂದದ್ದು. ಟ್ರಯಾಮ್ಸಿನೊಲೋನ್‌ನಂಥ ಸ್ಟಿರಾಯ್ಡ್ ಔಷಧದ ಹರಳುಗಳು ಬೇಗ ಕರಗದ ಕಾರಣ ಪರಿಣಾಮ ವಾರಗಟ್ಟಲೆ ಉಳಿಯುತ್ತದೆ.

1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಸಂಧಿವಾತದ ರೋಗಿಗೆ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಕೀಲುಗಳು ಸಡಿಲಗೊಂಡವು. 1950ರಲ್ಲಿ ಈ ಸಂಶೋಧನೆಗೆ ನೊಬೆಲ್ ಪ್ರಶಸ್ತಿಯೂ ಬಂತು. ಆದರೆ ಮುಖ ಊದುವುದು, ಮೂಳೆ ಸವೆಯುವುದು ಮುಂತಾದ ತೊಂದರೆಗಳು ಬೇಗನೆ ಬಯಲಾದವು. ಔಷಧವನ್ನು ಕೀಲಿಗಷ್ಟೇ ಸೀಮಿತಗೊಳಿಸುವ ಚುಚ್ಚುಮದ್ದಿಗೆ ಬೆಲೆ ಬಂದದ್ದು ಇದರಿಂದಲೇ.

ದವಡೆಯ ಕೀಲಿನಲ್ಲಿ ಮಾತ್ರ ಇನ್ನೊಂದು ತೊಡಕಿದೆ. ಉರಿಯೂತವನ್ನು ಅಡಗಿಸುವ ಔಷಧವೇ ಮೃದ್ವಸ್ಥಿಯ ಕೋಶಗಳ ದುರಸ್ತಿ ಕೆಲಸವನ್ನೂ ಕುಗ್ಗಿಸುತ್ತದೆ. ಕೆಳದವಡೆ ಬೆಳೆಯುವ ಒಂದು ಮುಖ್ಯ ತಾಣವು ಕೀಲಿನೊಳಗಿನ ಮೇಲ್ಪದರದ ಕೆಳಗೇ ಇರುವುದರಿಂದ, ಮಕ್ಕಳಿಗೆ ಮತ್ತೆ ಮತ್ತೆ ಚುಚ್ಚಿದರೆ ದವಡೆಯ ಬೆಳವಣಿಗೆ ಕುಂಠಿತವಾಗಬಹುದು, ಕೀಲಿನಲ್ಲಿ ಇರಬಾರದ ಕಡೆ ಮೂಳೆಯೂ ಬೆಳೆಯಬಹುದು. ಹಾಗೆಂದು ಬಾಲ್ಯದ ಸಂಧಿವಾತವನ್ನು ಹಾಗೆಯೇ ಬಿಡುವಂತಿಲ್ಲ, ಅದೂ ಗದ್ದವನ್ನು ಕಿರಿದಾಗಿಸುತ್ತದೆ. ಆದ್ದರಿಂದ ವೈದ್ಯರು ಮೆಥೊಟ್ರೆಕ್ಸೇಟ್‌ನಂಥ ಸಂಧಿವಾತವನ್ನೇ ಹತೋಟಿಗೆ ತರುವ ಔಷಧಗಳನ್ನು ಆಶ್ರಯಿಸಿ ಚುಚ್ಚುಮದ್ದನ್ನು ಆದಷ್ಟು ಮಿತವಾಗಿ ಬಳಸುತ್ತಾರೆ.

ವಯಸ್ಕರಲ್ಲಿಯೂ ಸೂಜಿ ಹೊಕ್ಕ ಕಡೆ ಚರ್ಮ ಬಿಳಿಚಿ ಕುಳಿ ಬೀಳಬಹುದು. ಮಧುಮೇಹಿಗಳ ರಕ್ತದ ಸಕ್ಕರೆ ಕೆಲವು ದಿನ ಏರಬಹುದು, ಅವರು ಅದನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳುತ್ತಿರಬೇಕು. ಕೀಲಿನಲ್ಲಿ ಸೋಂಕಿದ್ದರೆ ಚುಚ್ಚಲೇಬಾರದು. ನೋವು ಮರಳಿದಾಗ ಅದೇ ಕೀಲಿಗೆ ಮತ್ತೊಂದು ಡೋಸ್ ಬೇಡುವ ಮುನ್ನ, ಲವಣಜಲದಿಂದ ಕೀಲನ್ನು ತೊಳೆಯುವ ವಿಧಾನ ತಮಗೆ ಹೊಂದುವುದೇ ಎಂದು ವೈದ್ಯರನ್ನು ಕೇಳಬೇಕು. ಅನೇಕರಿಗೆ ಅಷ್ಟರಿಂದಲೇ ಬಾಯಿ ಮತ್ತೆ ಸಲೀಸಾಗಿ ತೆರೆದುಕೊಳ್ಳುತ್ತದೆ.