ಎರರ್ ಕಂಡಿದ್ದೆಲ್ಲಿ, ಹುಟ್ಟಿದ್ದೆಲ್ಲಿ?

ಫೋನಿನಲ್ಲಿ ಬ್ಯಾಂಕ್ ಬ್ಯಾಲೆನ್ಸ್ ನೋಡಲು ಒಂದು ಬಟನ್ ಒತ್ತುತ್ತೀರಿ. ಆ ಕೋರಿಕೆ ಸೀದಾ ಬ್ಯಾಂಕಿನ ಒಳಗಿನ ಕಂಪ್ಯೂಟರಿಗೆ ಹೋಗಿಬಿಡುವುದಿಲ್ಲ. ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡುವ ಬಾಗಿಲಿಗೆ ಎಪಿಐ ಎನ್ನುತ್ತಾರೆ. ದಾರಿಯಲ್ಲಿ ಎಪಿಐ ಗೇಟ್‌ವೇ ಎಂಬ ಸಾಫ್ಟ್‌ವೇರ್ ಅದನ್ನು ಹಿಡಿದು ನಿಲ್ಲಿಸುತ್ತದೆ. ಕಳಿಸಿದವರು ಯಾರು, ಅವರಿಗೆ ಅನುಮತಿ ಇದೆಯಾ, ಒಂದೇ ನಿಮಿಷದಲ್ಲಿ ಸಾವಿರ ಸಲ ಕೇಳುತ್ತಿದ್ದಾರಾ ಅಂತೆಲ್ಲ ನೋಡಿ ಆಮೇಲೆ ಒಳಗೆ ಬಿಡುತ್ತದೆ. ಉತ್ತರ ವಾಪಸ್ ಬರುವುದೂ ಇದೇ ದಾರಿಯಲ್ಲೇ.

ಇಂಥ ಗೇಟ್‌ವೇಗಳು ಹಲವು ಇವೆ. ಇಲ್ಲಿ ಅಪಿಜೀ ಎಂಬುದನ್ನು ಇಟ್ಟುಕೊಂಡು ಮಾತಾಡೋಣ. 2004ರಲ್ಲಿ ಅಮೆರಿಕದಲ್ಲಿ ಸೊನೋವಾ ಸಿಸ್ಟಮ್ಸ್ ಎಂಬ ಹೆಸರಿನಲ್ಲಿ ಶುರುವಾದ ಕಂಪನಿ ಅದು. ಬೆಂಗಳೂರಿನಲ್ಲೂ ಅದರ ಎಂಜಿನಿಯರುಗಳ ತಂಡ ಇತ್ತು. 2016ರಲ್ಲಿ ಗೂಗಲ್ ಅದನ್ನು ಸುಮಾರು 62.5 ಕೋಟಿ ಡಾಲರಿಗೆ ಕೊಂಡಿತು.

ಗೇಟ್‌ವೇ ಜೊತೆಗೆ ಸಿದ್ಧ ಸಾಮಾನು ಬೇಕಾದಷ್ಟು ಬರುತ್ತದೆ. ಆದರೂ ಕೆಲವು ಸಲ ಸಾಲುವುದಿಲ್ಲ. ಹಳೇ ಕಾಲದ ಯಾವುದೋ ವಿಧಾನದಲ್ಲಿ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಹಾಕಿ ಕಳಿಸಿ ಅಂತ ಒಳಗಿನ ಸರ್ವರ್ ಹಟ ಹಿಡಿದಿದೆ ಎನ್ನಿ. ಆಗ ನೀವೇ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದು, ಜಾರ್ ಫೈಲ್ (ಜಾವಾ ಕೋಡಿನ ಗಂಟು) ಮಾಡಿ, ಗೇಟ್‌ವೇಗೆ ಏರಿಸಬಹುದು. ಅಪಿಜೀಯಲ್ಲಿ ಇದಕ್ಕೆ ಜಾವಾ ಕಾಲ್‌ಔಟ್ ಎನ್ನುತ್ತಾರೆ. ಸಂದೇಶ ಬಂದಾಗಲೆಲ್ಲ ಗೇಟ್‌ವೇ ನಿಮ್ಮ ಕೋಡನ್ನು ಕರೆಯುತ್ತದೆ, ನಿಮ್ಮ ಕೋಡ್ ಸಹಿ ಲೆಕ್ಕ ಹಾಕಿ ಕೊಡುತ್ತದೆ.

ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿದ ಕೋಡ್ ಗೇಟ್‌ವೇಗೆ ಏರಿಸಿದ ಕೂಡಲೇ ಮಕಾಡೆ ಮಲಗುತ್ತದೆ. ಹೊರಗೆ ಕಾಣುವುದು ‘ಒಳಗೆ ಏನೋ ಕೆಟ್ಟಿದೆ’ ಎಂದು ಸೂಚಿಸುವ 500 ಎಂಬ ಸಂಖ್ಯೆ, ಜೊತೆಗೆ ‘ಫೇಲ್ಡ್ ಟು ಎಕ್ಸಿಕ್ಯೂಟ್ ಜಾವಾ ಕಾಲ್‌ಔಟ್’ ಎಂಬ ಒಂದು ಸಾಲು. ಯಾಕೆ ಅಂತ ಹೇಳುವುದಿಲ್ಲ. ಕೆಟ್ಟಿದೆ ಅಂತಷ್ಟೇ ಹೇಳುತ್ತದೆ, ಅದು ನಮಗೂ ಗೊತ್ತೇ ಇತ್ತು ಅಲ್ವಾ?

ನಿಮ್ಮ ಕೋಡ್ ಅಲ್ಲಿ ಬಾಡಿಗೆಗೆ ಬಂದಿದೆ ಎನ್ನುವುದನ್ನು ಮರೆಯಬಾರದು. ಮನೆ ಗೇಟ್‌ವೇದು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಮಾಳಿಗೆ ಹತ್ತುವಂತಿಲ್ಲ, ಪಾತ್ರೆ ಪಗಡಿ ಕೆಲವು ಮಾಲೀಕರವೇ. ನಾನು ಕಂಡಂತೆ ಇಂಥ ಕೋಡಿನ ತೊಂದರೆಗಳಲ್ಲಿ ಲೆಕ್ಕದ ತಪ್ಪು ಕಡಿಮೆ, ಈ ವಾಸದ ತಕರಾರುಗಳೇ ಜಾಸ್ತಿ. ಇವುಗಳ ಒಂದು ಕೆಟ್ಟ ಗುಣ ಏನೆಂದರೆ, ತಪ್ಪು ಹುಟ್ಟುವುದು ಒಂದು ಕಡೆ, ಕಾಣಿಸಿಕೊಳ್ಳುವುದು ಇನ್ನೊಂದು ಕಡೆ.

ಜಾವಾ ಕೆಟ್ಟಾಗ ಸ್ಟ್ಯಾಕ್ ಟ್ರೇಸ್ ಎಂಬ ಉದ್ದನೆಯ ಪಟ್ಟಿ ಬರೆಯುತ್ತದೆ. ಯಾವ ಕೆಲಸ ಯಾವ ಕೆಲಸವನ್ನು ಕರೆಯಿತು, ಯಾವ ಸಾಲಿನಲ್ಲಿ ಎಡವಿತು ಎಂಬ ವಿವರ ಅದರಲ್ಲಿರುತ್ತದೆ. ಹೊಸಬರು ಮೊದಲ ಸಾಲು ಓದಿ ಗೂಗಲ್ ಮಾಡಲು ಓಡುತ್ತಾರೆ. ಆದರೆ ಮೊದಲ ಸಾಲು ಸಾಮಾನ್ಯವಾಗಿ ಕೊನೆಯದಾಗಿ ದೂರು ಕೊಟ್ಟವನದು. ಒಳಗೆ ಹುಟ್ಟಿದ ತಪ್ಪನ್ನು ಒಬ್ಬ ಹಿಡಿದು, ತನ್ನ ಹೆಸರಿನ ಹೊಸ ತಪ್ಪಿನೊಳಗೆ ಸುತ್ತಿ, ಮೇಲಿನವನಿಗೆ ದಾಟಿಸಿರುತ್ತಾನೆ. ಅವನೂ ಹಾಗೇ ಮಾಡಿರುತ್ತಾನೆ. ಹಾಗಾಗಿ ಪಟ್ಟಿಯಲ್ಲಿ ‘ಕಾಸ್ಡ್ ಬೈ’ ಎಂದು ಶುರುವಾಗುವ ಸಾಲುಗಳನ್ನು ಹುಡುಕಬೇಕು. ಅವುಗಳಲ್ಲಿ ತೀರಾ ಕೆಳಗಿನದೇ ಮೂಲ.

ಆದರೆ ಆ ಪಟ್ಟಿ ಸಿಗಬೇಕಲ್ಲ! ಕ್ಲೌಡಿನಲ್ಲಿರುವ ಗೇಟ್‌ವೇಯ ಕಂಪ್ಯೂಟರ್ ನಿಮ್ಮದಲ್ಲ. ನಡೆದದ್ದನ್ನೆಲ್ಲ ಅದು ಬರೆದಿಡುವ ಲಾಗ್ ಫೈಲ್ ತೆರೆದು ನೋಡುವ ಅವಕಾಶ ಇಲ್ಲ. ಅದಕ್ಕೇ ಅನುಭವಸ್ಥರು ಕೋಡಿನೊಳಗೇ ತಪ್ಪನ್ನು ಹಿಡಿದು, ಅದರ ವಿವರವನ್ನು ಗೇಟ್‌ವೇಯ ಒಂದು ವೇರಿಯಬಲ್‌ನಲ್ಲಿ (ಮಾಹಿತಿ ಇಡುವ ಹೆಸರಿಟ್ಟ ಡಬ್ಬಿ) ಬರೆದಿಡುತ್ತಾರೆ. ತಪ್ಪು ಹುಡುಕಲೆಂದೇ ಇರುವ ಅಪಿಜೀಯ ಡೀಬಗ್ ಪರದೆಯಲ್ಲಿ ಆ ಸಂದೇಶದ ಜೊತೆ ವೇರಿಯಬಲ್ಲೂ ಕಾಣುತ್ತದೆ. ಈ ವಿವರವನ್ನು ಹೊರಗಿನ ಬಳಕೆದಾರರಿಗೆ ಮಾತ್ರ ಕಳಿಸಬಾರದು. ಒಳಗೆ ಯಾವ ಲೈಬ್ರರಿಯ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಯಾವ ಆವೃತ್ತಿ ಇದೆ ಎಂದು ಕಳ್ಳರಿಗೆ ನಾವೇ ಪುಕ್ಕಟೆ ಹೇಳಿದಂತಾಗುತ್ತದೆ.

ಇಲ್ಲೊಂದು ಚಿಕ್ಕ ಗುಂಡಿ ಇದೆ. ಜಾವಾದಲ್ಲಿ ಎರಡು ಬಗೆಯ ತಪ್ಪುಗಳಿವೆ: ಎಕ್ಸೆಪ್ಷನ್ ಒಂದು, ಎರರ್ ಇನ್ನೊಂದು. ಎರಡಕ್ಕೂ ಮೂಲ ಥ್ರೋಯಬಲ್. ‘ಎಕ್ಸೆಪ್ಷನ್ ಬಂದರೆ ಹಿಡಿ’ ಎಂದು ಬರೆದ ಬಲೆಗೆ ಎರರ್ ಬೀಳುವುದೇ ಇಲ್ಲ. ಬಾಡಿಗೆ ಕೋಡಿಗೆ ಹೆಚ್ಚಾಗಿ ಕಾಡುವುದೋ ಎರರ್‌ಗಳೇ. ಬೇಕಾದ ಕ್ಲಾಸ್ (ಜಾವಾ ಕೋಡಿನ ಒಂದು ಘಟಕ) ಸಿಗದಿದ್ದರೆ ಸಾಮಾನ್ಯವಾಗಿ ಎರರ್. ಕ್ಲಾಸ್ ಸಿಕ್ಕಿ, ಅದರೊಳಗೆ ಒಂದು ಕೆಲಸ ಮಾಡಿಕೊಡುವ ಮೆಥಡ್ ಇಲ್ಲದಿದ್ದರೆ ಅದೂ ಎರರ್. ಬರೆದವರು ಎಲ್ಲವನ್ನೂ ಹಿಡಿದಿದ್ದೇನೆ ಅಂದುಕೊಂಡಿರುತ್ತಾರೆ. ವೇರಿಯಬಲ್ ಖಾಲಿ ಇರುತ್ತದೆ.

ಮೊದಲನೇ ತಕರಾರು ವಯಸ್ಸಿನದು. ನಾವು ಬರೆದ ಕೋಡನ್ನು ಜಾವಾ ಓಡಿಸಬಲ್ಲ ರೂಪಕ್ಕೆ ಬದಲಿಸುವುದು ಕಂಪೈಲರ್. ಅದು ತಯಾರಿಸುವ ಪ್ರತಿ ಕ್ಲಾಸ್ ಫೈಲಿನ ಮೊದಲ ನಾಲ್ಕು ಬೈಟ್‌ಗಳನ್ನು ಹೆಕ್ಸಾಡೆಸಿಮಲ್‌ನಲ್ಲಿ ಓದಿದರೆ ‘ಕೆಫೆ ಬೇಬ್’ ಎಂಬ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಜಾವಾ ಹುಟ್ಟಿಸಿದ ಜೇಮ್ಸ್ ಗಾಸ್ಲಿಂಗ್ ಅವರ ತಮಾಷೆ ಅದು. ಅದಾದ ಮೇಲೆ ನಾಲ್ಕು ಬೈಟ್‌ಗಳಲ್ಲಿ ಆವೃತ್ತಿ ಸಂಖ್ಯೆ. ಜಾವಾ 8 ಆದರೆ 52, ಜಾವಾ 11 ಆದರೆ 55, ಜಾವಾ 17 ಆದರೆ 61. ಅಂದರೆ ಸಂಖ್ಯೆಯಲ್ಲಿ 44 ಕಳೆದರೆ ಜಾವಾ ಆವೃತ್ತಿ ಸಿಗುತ್ತದೆ. ಗೇಟ್‌ವೇಯಲ್ಲಿ 11 ಓಡುತ್ತಿದ್ದು ನೀವು 17ರಲ್ಲಿ ಕಂಪೈಲ್ ಮಾಡಿದ್ದರೆ, 55ರವರೆಗೆ ಮಾತ್ರ ನನಗೆ ಓದಲು ಬರುತ್ತದೆ, ಇದು 61 ಎಂದು ಅದು ನೇರವಾಗಿ ಹೇಳುತ್ತದೆ. ಇಷ್ಟು ಪ್ರಾಮಾಣಿಕ ಎರರ್ ಬೇರೆ ಇಲ್ಲ.

ಅದರ ತಮ್ಮನೊಬ್ಬ ಇದ್ದಾನೆ, ಅವನು ಅಷ್ಟು ಪ್ರಾಮಾಣಿಕನಲ್ಲ. ಜಾವಾ 9ರಲ್ಲಿ ಬೈಟ್‌ಬಫರ್ ಎಂಬ ಕ್ಲಾಸಿನ ಫ್ಲಿಪ್ ಮೆಥಡ್ ವಾಪಸ್ ಕೊಡುವ ವಸ್ತುವಿನ ಬಗೆಯನ್ನು ಬದಲಿಸಿದರು. ಮೊದಲು ಅದು ಬಫರ್ ಕೊಡುತ್ತಿತ್ತು, ಈಗ ಬೈಟ್‌ಬಫರ್ ಕೊಡುತ್ತದೆ. ಬರೆಯುವವರಿಗೆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆದರೆ ಕಂಪೈಲರ್ ಮೆಥಡ್‌ನ ಹೆಸರಿನ ಜೊತೆ ಅದು ಏನು ಕೊಡುತ್ತದೆ ಎಂಬುದನ್ನೂ ಕ್ಲಾಸ್ ಫೈಲಿನಲ್ಲಿ ಬರೆದಿಡುತ್ತದೆ. ಹೊಸ ಜಾವಾದಲ್ಲಿ, ‘ಸೋರ್ಸ್ 8, ಟಾರ್ಗೆಟ್ 8’ ಎಂಬ ಹಳೇ ಆಯ್ಕೆ ಕೊಟ್ಟು ಕಂಪೈಲ್ ಮಾಡಿದರೆ ಆವೃತ್ತಿ ಸಂಖ್ಯೆ 52 ಎಂದೇ ಬೀಳುತ್ತದೆ. ಜಾವಾ 8 ಓಡುತ್ತಿರುವ ಗೇಟ್‌ವೇ ಒಪ್ಪಿಕೊಳ್ಳುತ್ತದೆ. ಆ ಸಾಲಿಗೆ ಬಂದಾಗ ಮಾತ್ರ ಜಾವಾ 8 ‘ಇಂಥ ಮೆಥಡ್ ಇಲ್ಲ’ ಎನ್ನುತ್ತದೆ. ಮೂವತ್ತು ವರ್ಷದಿಂದ ಎಲ್ಲರೂ ಬಳಸುತ್ತಿರುವ ಜಾವಾದಲ್ಲಿ ಫ್ಲಿಪ್ ಇಲ್ಲ ಅಂದರೆ ಯಾರು ನಂಬುತ್ತಾರೆ? ‘ರಿಲೀಸ್’ ಎಂಬ ಆಯ್ಕೆ ಜಾವಾ 9ರಲ್ಲಿ ಬಂದಿದ್ದು ಇದಕ್ಕೇ. ಅದು ಸಂಖ್ಯೆಯ ಜೊತೆಗೆ ಆ ಕಾಲದ ಮೆಥಡ್‌ಗಳ ಪಟ್ಟಿಯನ್ನೂ ನೋಡಿ ಕಂಪೈಲ್ ಮಾಡುತ್ತದೆ.

ಲೈಬ್ರರಿಗಳದ್ದೂ ಇದೇ ಕಥೆ. ನೀವು ಹೊಸ ಗ್ವಾವಾ ಲೈಬ್ರರಿ ನಂಬಿ ಬರೆದಿದ್ದೀರಿ, ಗೇಟ್‌ವೇ ಒಳಗೆ ಹಳೇ ಗ್ವಾವಾ ಕೂತಿದೆ. ಜಾವಾದಲ್ಲಿ ಕ್ಲಾಸ್ ಹುಡುಕುವವರು ಕ್ಲಾಸ್ ಲೋಡರ್‌ಗಳು. ಸಾಮಾನ್ಯವಾಗಿ ಕಿರಿಯ ಲೋಡರ್ ಮೊದಲು ಹಿರಿಯನನ್ನು ಕೇಳುತ್ತದೆ, ಅಲ್ಲಿ ಇಲ್ಲದಿದ್ದರೆ ಮಾತ್ರ ತಾನು ಹುಡುಕುತ್ತದೆ. ಹಾಗಾಗಿ ನಿಮ್ಮ ಜಾರ್ ಜೊತೆ ಹೊಸದನ್ನು ಕಳಿಸಿದ್ದರೂ ಹಳೆಯದೇ ಗೆಲ್ಲಬಹುದು. ಬಿಡಿಸಿಕೊಳ್ಳಲು ಒಂದು ಉಪಾಯ ಇದೆ. ನಿಮ್ಮ ಲೈಬ್ರರಿಯ ಪ್ಯಾಕೇಜ್ ಹೆಸರನ್ನೇ ಬೇರೆ ಮಾಡಿ ನಿಮ್ಮ ಜಾರ್‌ನೊಳಗೆ ಸೇರಿಸಿಬಿಡುವುದು. ಶೇಡಿಂಗ್ ಎನ್ನುತ್ತಾರೆ. ಆದರೆ ಬೌನ್ಸಿ ಕ್ಯಾಸಲ್‌ನಂಥ ಗೂಢಲಿಪಿ ಲೈಬ್ರರಿಗಳ ಜಾರ್‌ಗೆ ತಯಾರಕರ ಸಹಿ ಇರುತ್ತದೆ. ಬಿಚ್ಚಿ ನಿಮ್ಮದರ ಜೊತೆ ಬೆರೆಸಿದರೆ, ಸಹಿಯ ಫೈಲುಗಳನ್ನು ತೆಗೆಯದ ಹೊರತು ಜಾವಾ ಅದನ್ನು ಒಪ್ಪುವುದಿಲ್ಲ. ಒಂದು ತಕರಾರು ಬಗೆಹರಿಸಲು ಹೋಗಿ ಇನ್ನೊಂದು.

ಈಗ ನನಗೆ ತುಂಬಾ ಇಷ್ಟವಾದ ಪ್ರಕರಣ. ಗೇಟ್‌ವೇ ಕ್ಲೌಡಿನಲ್ಲಲ್ಲ, ನಿಮ್ಮದೇ ಕಂಪ್ಯೂಟರಿನಲ್ಲಿದೆ, ಲಾಗ್ ತೆರೆದು ನೋಡಬಹುದು ಎನ್ನಿ. ಲಾಗ್ ತುಂಬ ಒಂದೇ ಎರರ್: ‘ನೋ ಕ್ಲಾಸ್ ಡೆಫ್ ಫೌಂಡ್’. ಜಾರ್ ಬಿಚ್ಚಿ ನೋಡಿದರೆ ಆ ಕ್ಲಾಸ್ ಅಲ್ಲೇ ಇದೆ! ಮತ್ತೆ ಏರಿಸುತ್ತಾರೆ, ಹೆಸರು ತಾಳೆ ನೋಡುತ್ತಾರೆ, ಇನ್ನೊಂದು ಸಲ ಬಿಚ್ಚುತ್ತಾರೆ. ಕ್ಲಾಸ್ ಇದ್ದೇ ಇದೆ.

ಒಳಗೆ ನಡೆದದ್ದು ಬೇರೆ. ಜಾವಾ ಒಂದು ಕ್ಲಾಸನ್ನು ಮೊದಲ ಸಲ ಬಳಸುವಾಗ ಅದರ ಸ್ಟ್ಯಾಟಿಕ್ ಭಾಗವನ್ನು ಒಮ್ಮೆ ಓಡಿಸುತ್ತದೆ. ಆ ಭಾಗ ಕಂಪ್ಯೂಟರಿನ ಯಾವುದೋ ಫೈಲ್ ಓದಲು ಹೋಯಿತು ಎನ್ನಿ. ಗೇಟ್‌ವೇಯಲ್ಲಿ ಬಾಡಿಗೆ ಕೋಡಿಗೆ ಫೈಲ್ ಮುಟ್ಟುವ ಹಕ್ಕಿಲ್ಲ, ಸೆಕ್ಯುರಿಟಿ ಎಕ್ಸೆಪ್ಷನ್ ಬಂತು. ಆಗ ಜಾವಾ ಮೊದಲ ಸಲ ‘ಎಕ್ಸೆಪ್ಷನ್ ಇನ್ ಇನಿಶಿಯಲೈಸರ್’ ಎಂಬ ಎರರ್ ಕೊಟ್ಟು, ಕೆಳಗೆ ನಿಜವಾದ ಕಾರಣವನ್ನೂ ಬರೆಯುತ್ತದೆ. ಜೊತೆಗೆ ಆ ಕ್ಲಾಸಿಗೆ ‘ಕೆಟ್ಟಿದೆ’ ಎಂದು ಗುರುತು ಹಾಕುತ್ತದೆ. ಎರಡನೇ ಸಲದಿಂದ ಮತ್ತೆ ಪ್ರಯತ್ನಿಸುವುದಿಲ್ಲ. ಸುಮ್ನೆ ‘ನೋ ಕ್ಲಾಸ್ ಡೆಫ್ ಫೌಂಡ್’ ಎನ್ನುತ್ತಾ ಕೂರುತ್ತದೆ. ಪಕ್ಕದಲ್ಲಿ ‘ಕುಡ್ ನಾಟ್ ಇನಿಶಿಯಲೈಸ್’ ಎಂಬ ಮಾತು ಇರುತ್ತದೆ, ಅದೇ ಸುಳಿವು. ಹಳೇ ಜಾವಾಗಳಲ್ಲಿ ನಿಜವಾದ ಕಾರಣ ಗೇಟ್‌ವೇ ಶುರುವಾದ ಮೇಲಿನ ಮೊದಲ ಕೋರಿಕೆಯಲ್ಲಿ ಒಂದೇ ಸಲ ಬಂದು ಹೋಗಿರುತ್ತದೆ. ಅದು ಬೆಳಗಿನ ಜಾವ ಮೂರು ಗಂಟೆಗೆ ಬಂದಿದ್ದರೆ, ಹತ್ತು ಗಂಟೆಗೆ ಲಾಗ್ ನೋಡುವವರಿಗೆ ಕಾಣುವುದೆಲ್ಲ ಅದರ ಬಾಲ.

ಹಾಟ್‌ಸ್ಪಾಟ್ ಎಂಬ ಜಾವಾ ಎಂಜಿನ್‌ಗೆ ಇನ್ನೊಂದು ಚಾಳಿ ಇದೆ. ನಲ್ ಪಾಯಿಂಟರ್‌ನಂಥ (ಇಲ್ಲದ ವಸ್ತುವನ್ನು ಬಳಸಲು ಹೋಗುವ) ತಪ್ಪು ಒಂದೇ ಜಾಗದಲ್ಲಿ ಪದೇ ಪದೇ ಬಂದರೆ, ವೇಗದ ಆಸೆಗೆ ಅದು ಸ್ಟ್ಯಾಕ್ ಟ್ರೇಸ್ ಬರೆಯುವುದನ್ನೇ ನಿಲ್ಲಿಸಬಹುದು. ಹೆಸರು ಮಾತ್ರ ಬರುತ್ತದೆ, ಸಾಲಿನ ಸಂಖ್ಯೆ ಇಲ್ಲ. ಆಗಲೂ ಹಿಂದಕ್ಕೆ ಹೋಗಿ ಹಳೇ ಲಾಗ್ ನೋಡಬೇಕು.

ಕೊನೆಯದಾಗಿ ಒಂದು ದೂರು: ‘ಸಹಿ ತಾಳೆಯಾಗುತ್ತಿಲ್ಲ’. ಒಳಗಿನ ಸರ್ವರ್ ಕೆಲವು ಸಂದೇಶಗಳನ್ನು ತಿರಸ್ಕರಿಸುತ್ತಿದೆ, ಎಲ್ಲವನ್ನೂ ಅಲ್ಲ. ನಿಮ್ಮ ಕೋಡಿನಲ್ಲಿ ಎರರ್ ಇಲ್ಲ, ಟ್ರೇಸ್ ಇಲ್ಲ. ಇದಕ್ಕೆ ಬೇರೆ ಬೇರೆ ಮೂಲ ಇರಬಹುದು. ಯಾವಾಗ ಕೆಡುತ್ತದೆ ಎಂದು ಗಮನಿಸುವುದೇ ಇಲ್ಲಿ ದಾರಿ.

ಮಧ್ಯಾಹ್ನ ಜನ ಜಾಸ್ತಿ ಇದ್ದಾಗ ಮಾತ್ರ ಕೆಡುತ್ತಿದ್ದರೆ, ಏಕಕಾಲಕ್ಕೆ ಓಡುವ ಕೆಲಸಗಳ, ಅಂದರೆ ಥ್ರೆಡ್‌ಗಳ ಮೇಲೆ ಅನುಮಾನ ಪಡಿ. ಗೇಟ್‌ವೇ ಪ್ರತಿ ಸಂದೇಶಕ್ಕೂ ನಿಮ್ಮ ಕೋಡಿನ ಹೊಸ ಪ್ರತಿ ಮಾಡುವುದಿಲ್ಲ. ಒಂದೇ ಆಬ್ಜೆಕ್ಟ್ ಏಕಕಾಲಕ್ಕೆ ಹಲವು ಸಂದೇಶಗಳಿಗೆ ಕೆಲಸ ಮಾಡುತ್ತದೆ. ಹ್ಯಾಶ್ (ಸಂದೇಶದ ಬೆರಳಚ್ಚಿನಂಥ ಸಂಖ್ಯೆ) ಲೆಕ್ಕ ಹಾಕುವ ಮೆಸೇಜ್ ಡೈಜೆಸ್ಟನ್ನು ಎಲ್ಲರಿಗೂ ಸೇರಿ ಒಂದೇ ಇಟ್ಟಿದ್ದರೆ, ನನ್ನ ಸಂದೇಶದ ಅರ್ಧ ಬೈಟ್‌ಗಳ ಹಿಂದೆ ನಿಮ್ಮ ಸಂದೇಶದ ಬೈಟ್‌ಗಳು ನುಗ್ಗುತ್ತವೆ. ಇಬ್ಬರ ಸಹಿಯೂ ಕೆಡುತ್ತದೆ. ಟೆಸ್ಟ್ ಮಾಡುವಾಗ ಒಂದೊಂದೇ ಸಂದೇಶ ಕಳಿಸುವುದರಿಂದ ಇದು ಎಂದೂ ಸಿಗುವುದಿಲ್ಲ. ಹ್ಯಾಶ್ ಆಬ್ಜೆಕ್ಟನ್ನು ಮೆಥಡ್ ಒಳಗೇ ಹೊಸದಾಗಿ ಮಾಡಿಕೊಂಡರೆ ಮುಗಿಯಿತು.

ಹೊತ್ತಿಗೂ ಅದಕ್ಕೂ ಸಂಬಂಧವೇ ಇಲ್ಲದೆ ಕೆಲವೇ ಗ್ರಾಹಕರಿಗೆ ಸದಾ ಕೆಡುತ್ತಿದ್ದರೆ, ಅವರ ಹೆಸರು ನೋಡಿ. ಅಕ್ಷರಗಳನ್ನು ಬೈಟ್‌ಗಳಾಗಿ ಮಾಡುವಾಗ ಯಾವ ಎನ್‌ಕೋಡಿಂಗ್ (ಯಾವ ಅಕ್ಷರಕ್ಕೆ ಯಾವ ಬೈಟ್ ಎಂಬ ನಿಯಮ) ಎಂದು ಹೇಳದಿದ್ದರೆ, ಜಾವಾ 17ರವರೆಗೆ ಅದು ಆಪರೇಟಿಂಗ್ ಸಿಸ್ಟಮ್ಮಿನ ಸೆಟ್ಟಿಂಗ್ ನೋಡುತ್ತಿತ್ತು. ಮ್ಯಾಕ್ ಅಥವಾ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಎಲ್ಲ ಭಾಷೆಗಳನ್ನೂ ಬರೆಯಬಲ್ಲ ಯುಟಿಎಫ್-8 ಇರುತ್ತದೆ. ಭಾಷೆಯ ಸೆಟ್ಟಿಂಗ್ ಇಲ್ಲದ ಲಿನಕ್ಸ್ ಕಂಟೇನರ್‌ನಲ್ಲಿ (ಪ್ರೋಗ್ರಾಂ ಓಡುವ ಪುಟ್ಟ ಪೆಟ್ಟಿಗೆಯಂಥ ಪರಿಸರ) ಇಂಗ್ಲಿಷ್ ಅಕ್ಷರಗಳನ್ನಷ್ಟೇ ಬಲ್ಲ ಆಸ್ಕಿ ಆಗಬಹುದು. ‘ಲಕ್ಷ್ಮೀ’ ಎಂದು ಬರೆದರೆ ಏಳು ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಸಹಿ ಬೀಳುವುದು ಆ ಏಳು ಚಿಹ್ನೆಗೆ. ಒಳಗಿನ ಸರ್ವರ್ ನಿಜವಾದ ಲಕ್ಷ್ಮೀಗೆ ಲೆಕ್ಕ ಹಾಕಿ, ತಾಳೆಯಾಗಲಿಲ್ಲ ಎನ್ನುತ್ತದೆ. 2022ರಲ್ಲಿ ಬಂದ ಜಾವಾ 18ರಿಂದ ಎಲ್ಲೆಡೆ ಯುಟಿಎಫ್-8 ಎಂದೇ ಇಟ್ಟುಕೊಳ್ಳುತ್ತದೆ. ಗೇಟ್‌ವೇಗಳು ಅಷ್ಟು ಬೇಗ ಹೊಸ ಜಾವಾಗೆ ಬರುವುದಿಲ್ಲ, ಆದ್ದರಿಂದ ಎನ್‌ಕೋಡಿಂಗ್ ಹೆಸರನ್ನು ಕೋಡಿನಲ್ಲೇ ಬರೆದುಬಿಡುವುದು ಕ್ಷೇಮ.

ಎನ್‌ಕೋಡಿಂಗ್ ಸರಿ ಇದ್ದರೂ ಉದ್ದದ ಲೆಕ್ಕ ತಪ್ಪಬಹುದು. ‘ಲಕ್ಷ್ಮೀ’ಯಲ್ಲಿ ಜಾವಾ ಎಣಿಸುವುದು 7: ಲ, ಕ, ಹಲಂತ, ಷ, ಮತ್ತೆ ಹಲಂತ, ಮ, ದೀರ್ಘದ ಗುರುತು. ಯುಟಿಎಫ್-8ನಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 21. ಹೆಸರಿನ ಮುಂದೆ ಇಂಗ್ಲಿಷಿನ 9 ಚಿಹ್ನೆ, ಹಿಂದೆ 2 ಇರುವ, ಫೋನಿಗೆ ವಾಪಸ್ ಹೋಗುವ ಸಣ್ಣ ಜೇಸನ್ (ಮಾಹಿತಿಯನ್ನು ಆವರಣದೊಳಗೆ ಬರೆಯುವ ಒಂದು ರೂಪ) ಸಂದೇಶ ಎಂದಿಟ್ಟುಕೊಳ್ಳಿ. ನಿಜವಾದ ಉದ್ದ 32 ಬೈಟ್. ಯಾರೋ ಅಕ್ಷರಗಳ ಲೆಕ್ಕ ಹಿಡಿದು ಉದ್ದ ಎಷ್ಟೆಂದು ಹೇಳುವ ಕಂಟೆಂಟ್ ಲೆಂತ್ ಹೆಡರಿನಲ್ಲಿ 18 ಎಂದು ಬರೆದರು. ಫೋನು 18 ಬೈಟ್ ಓದಿ ನಿಲ್ಲಿಸುತ್ತದೆ. ಹೆಸರಿಗೆ ಉಳಿದದ್ದು 9 ಬೈಟ್, ಅಂದರೆ ‘ಲಕ್’. ಮುಚ್ಚುವ ಆವರಣ ಬರಲೇ ಇಲ್ಲ, ಆ್ಯಪ್ ‘ಜೇಸನ್ ಸರಿ ಇಲ್ಲ’ ಎಂದು ಕೈಚೆಲ್ಲುತ್ತದೆ. ದೂರು ಹೋಗುವುದು ಆ್ಯಪ್ ಬರೆದವರಿಗೆ. ಅವರು ಇಂಗ್ಲಿಷ್ ಹೆಸರು ಹಾಕಿ ಟೆಸ್ಟ್ ಮಾಡುತ್ತಾರೆ, ಎಲ್ಲ ಸರಿಯಾಗಿರುತ್ತದೆ, ದೂರನ್ನು ಮುಚ್ಚುತ್ತಾರೆ.