ಎರಡೂ ಡೈರಿಯೇ ಅಲ್ವಾ?

ಮುಂಬಯಿಯ ಗೋರೆಗಾಂವ್‌ನಲ್ಲಿರುವ ಅಣ್ಣನ ಮಗಳಿಗೆ ಹೊಸ ವರ್ಷಕ್ಕೆ ಒಂದು ಡೈರಿ ಕೊಟ್ಟಿದ್ದೆ. ಅವಳು ಅದರ ರಟ್ಟಿನ ಮೇಲೆ ನೀಲಿ ಸ್ಕೆಚ್ ಪೆನ್ನಿನಲ್ಲಿ ‘ಮೈ ಡೈರಿ’ ಅಂತ ಇಂಗ್ಲಿಷಿನಲ್ಲಿ ಬರೆದು, ಸುತ್ತ ಹೂ ಬಿಡಿಸಿದ್ದಳು. ಆದರೆ ಡಿ ಆದ ಮೇಲೆ ಐ-ಎ ಬರಬೇಕಾದ ಕಡೆ ಎ-ಐ ಬಂದಿತ್ತು. ದಿನಚರಿ ಪುಸ್ತಕ ಹಾಲಿನ ಡೇರಿ ಆಗಿತ್ತು. ಹೇಳಿದ್ದಕ್ಕೆ, ‘ಅತ್ತೆ, ಎರಡೂ ಡೈರಿಯೇ ಅಲ್ವಾ?’ ಅಂದಳು.

ಅವಳ ತಪ್ಪಲ್ಲ. ಊರಲ್ಲಿ ನಾವು ಹಾಲು ಹಾಕೋದೂ ಡೈರಿಗೆ, ಲೆಕ್ಕ ಬರೆಯೋದೂ ಡೈರಿಯಲ್ಲಿ. ಅವಳನ್ನು ಬಿಲ್ಡಿಂಗ್ ಕೆಳಗಿನ ಹಾಲಿನಂಗಡಿಗೆ ಕರೆದುಕೊಂಡು ಹೋಗಿ ಬೋರ್ಡು ಓದಿಸಿದೆ. ಮರಾಠಿಯಲ್ಲಿ ‘ಡೇಅರಿ’ ಅಂತಿತ್ತು. ದಿನಚರಿಗೆ ಮರಾಠಿಯವರು ‘ಡಾಯರಿ’ ಅಂತ ಬರೆಯುತ್ತಾರೆ. ಮುಂಬಯಿ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ. ‘ಡೇ’ ಕೇಳಿದರೆ ಎ ಮೊದಲು, ‘ಡಾಯ್’ ಕೇಳಿದರೆ ಐ ಮೊದಲು.

ದಿನಚರಿಯ ಡೈರಿ ಲ್ಯಾಟಿನ್‌ನ ‘ಡಿಯೇಸ್’ನಿಂದ ಬಂದದ್ದು. ಹಾಗಂದರೆ ದಿನ. ಅದರಿಂದ ಹುಟ್ಟಿದ ‘ಡಿಯಾರಿಯಂ’ಗೆ ಮೊದಲು ದಿನದ ಪಡಿ ಅನ್ನೋ ಅರ್ಥವಿತ್ತು. ಆಮೇಲೆ ದಿನದಿನದ ಬರಹಕ್ಕೂ ಅದೇ ಹೆಸರಾಯಿತು. ನಾವು ಹೇಳುವ ‘ದಿವಸ’ವೂ ಇದೇ ಬೇರಿನದು.

ನನಗೆ ಜಾಸ್ತಿ ಇಷ್ಟ ಹಾಲಿನ ಡೇರಿಯ ಕತೆ. ಆ ಪದದಲ್ಲಿ ಮೊದಲು ಹಾಲೇ ಇರಲಿಲ್ಲ, ಹಿಟ್ಟಿತ್ತು! ತುಂಬ ಹಿಂದೆ ಇಂಗ್ಲಿಷಿನಲ್ಲಿ ಹಿಟ್ಟು ನಾದುವ ಹೆಂಗಸಿಗೆ ಇದ್ದ ಹೆಸರು, ಬರ್ತಾ ಬರ್ತಾ ‘ಡೇ’ ಅಂತಾಗಿ, ಹಾಲು ಕರೆದು ಬೆಣ್ಣೆ ತೆಗೆಯುವ ಕೆಲಸದವಳಿಗೆ ನಿಂತಿತು. ಅವಳು ಕೆಲಸ ಮಾಡುವ ಜಾಗವೇ ಡೇರಿ. ‘ಲೇಡಿ’ ಪದದ ಕೊನೆಯಲ್ಲಿ ಕೂತಿರುವವಳೂ ಅವಳೇ. ಲೇಡಿ ಅಂದರೆ ಮೊದಲು ರೊಟ್ಟಿಯ ಹಿಟ್ಟು ನಾದುವವಳು. ನಾದಿ ರೂಪ ಕೊಡುವ ಆ ಬೇರಿನಿಂದಲೇ ಸಂಸ್ಕೃತದ ‘ದೇಹ’ ಕೂಡ ಬಂದಿದೆ. ನಮ್ಮ ಮೈಗೂ ಹಾಲಿನಂಗಡಿಗೂ ಇಂಥ ನಂಟು ಇದೆ ಅಂತ ತಿಳಿದ ದಿನ ನನಗಾದ ಖುಷಿ ಇನ್ನೂ ನೆನಪಿದೆ.

ಗೋರೆಗಾಂವ್‌ನ ಹುಡುಗಿಗೆ ಡೇರಿ ಹೊಸದೇನಲ್ಲ. ಪೇಟೆಯೊಳಗಿನ ತಬೇಲಾಗಳ, ಅಂದರೆ ಕೊಟ್ಟಿಗೆಗಳ, ಎಮ್ಮೆಗಳನ್ನು ಹೊರಗೆ ಸಾಗಿಸಲು 1949ರಲ್ಲಿ ಆರೆ ಮಿಲ್ಕ್ ಕಾಲನಿ ಕಟ್ಟಿದ್ದು ಅಲ್ಲೇ. ‘ಹಾಗಾದ್ರೆ ಆರೆಗೆ ಎ-ಐ, ನನ್ನ ಬುಕ್ಕಿಗೆ ಐ-ಎ’ ಅಂದಳು. ತಪ್ಪಿದ ಎರಡು ಅಕ್ಷರದ ಮೇಲೆ ಬಿಳಿ ಚೀಟಿ ಅಂಟಿಸಿ ಸರಿಯಾಗಿ ಬರೆದಳು. ಚೀಟಿಯ ಅಂಚು ಕಾಣದ ಹಾಗೆ ಇನ್ನೊಂದು ಹೂ ಬಿಡಿಸಿದಳು.