ಕಲಬುರಗಿಗೆ ಬಾರದೇ ಹೋದ ಪಿಚ್ಚರ್‌ಗಳು

ಸಿನಿಮಾ ವ್ಯಾಪಾರದವರ ಲೆಕ್ಕದಲ್ಲಿ ಕಲಬುರಗಿ ಇವತ್ತಿಗೂ ನಿಜಾಮನ ಸೀಮೆ. ಹಿಂದಿ ಸಿನಿಮಾದ ವಿತರಕರು ದೇಶವನ್ನು ಸರ್ಕ್ಯೂಟ್‌ಗಳಾಗಿ ಹಂಚಿಕೊಂಡಿದ್ದಾರೆ. ಅದರಲ್ಲಿ ಒಂದರ ಹೆಸರೇ ‘ನಿಜಾಮ್’. ತೆಲಂಗಾಣ, ಮರಾಠವಾಡದ ಒಂದಿಷ್ಟು ಭಾಗ, ಜೊತೆಗೆ ಬೀದರ್, ಕಲಬುರಗಿ, ರಾಯಚೂರು ಕಡೆ ಎಲ್ಲ ಅದಕ್ಕೇ ಸೇರಿದ್ದು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ಹೈದರಾಬಾದ್ ರಾಜ್ಯವೇ ಇಲ್ಲವಾಯಿತು. ಆದರೆ ರೀಲಿನ ಡಬ್ಬಿ ಮಾತ್ರ ಹಳೇ ದಾರಿಯಲ್ಲೇ ಓಡಾಡಿತು.

ಮರೆತುಹೋದ ಒಳ್ಳೆಯ ಸಿನಿಮಾಗಳು ಅಂತ ಆಗಾಗ ಪಟ್ಟಿಗಳು ಬರುತ್ತವೆ. ಕನ್ನಡದ್ದಾದರೆ ‘ನಾಂದಿ’, ‘ಪಲ್ಲವಿ’, ‘ಕನ್ನೇಶ್ವರ ರಾಮ’, ‘ಅಪರಿಚಿತ’ ಹೀಗೆ ಸಾಗುತ್ತದೆ. ನಮ್ಮ ಕಡೆ ಕೂತು ಓದಿದರೆ ಬೇರೆಯೇ ಪ್ರಶ್ನೆ ಏಳುತ್ತದೆ. ಮರೆಯಬೇಕಾದರೂ ಮೊದಲು ಒಮ್ಮೆ ನೋಡಿರಬೇಕಲ್ವಾ? ಇದರಲ್ಲಿ ಎಷ್ಟು ಪಿಚ್ಚರ್ ಇಲ್ಲಿಯವರೆಗೆ ಬಂದಿದ್ದವು?

ನಿಜಾಮರ ಕಾಲದಲ್ಲಿ ಆಡಳಿತದ ಭಾಷೆ ಉರ್ದು. ಜಾಸ್ತಿ ಓದಬೇಕು ಅಂದವರು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ದಾರಿ ಹಿಡಿಯುತ್ತಿದ್ದರು. ಸಿನಿಮಾ ಅಂದರೆ ಹಿಂದಿ, ಆಮೇಲೆ ತೆಲುಗು. ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ 1934ರಲ್ಲಿ ಬಂತು. ಅದರ ಒಂದು ಪ್ರಿಂಟೂ ಈಗ ಉಳಿದಿಲ್ಲ. ನಂತರವೂ ಎಷ್ಟೋ ವರ್ಷ ಕನ್ನಡ ಸಿನಿಮಾದ ಬೆಳೆ ಕಡಿಮೆಯೇ. ಬಂದ ಅಷ್ಟಿಷ್ಟರ ಮಾತು ಬೆಂಗಳೂರು, ಮೈಸೂರಿನದು. ನಮ್ಮ ‘ಅದ’, ‘ಹೌದಿಲ್ಲೋ’ ತೆರೆಯ ಮೇಲೆ ಬಂತು ಅಂದರೆ ಅದು ನಗಿಸೋಕೇ.

1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ ಬಂದಮೇಲೆ ಕನ್ನಡದಲ್ಲಿ ಹೊಸ ಅಲೆ ಎದ್ದಿತು. ಮೊದಲಿಗೆ ಆ ಸಿನಿಮಾಕ್ಕೆ ಸೆನ್ಸಾರ್‌ನವರು ಒಪ್ಪಿಗೆ ಕೊಟ್ಟಿರಲಿಲ್ಲ. ಕೊನೆಗೆ ದೇಶದ ಅತ್ಯುತ್ತಮ ಚಿತ್ರದ ಪ್ರಶಸ್ತಿಯೇ ಅದಕ್ಕೆ ಸಿಕ್ಕಿತು. ‘ಚೋಮನ ದುಡಿ’, ‘ಘಟಶ್ರಾದ್ಧ’ ಅದೇ ಸಾಲಿನವು. ಪೇಪರಿನಲ್ಲಿ ಸುದ್ದಿ ಬಂತು, ಊರಿಗೆ ಪಿಚ್ಚರ್ ಬರಲಿಲ್ಲ.

ಯಾಕೆ ಅಂತ ತಿಳಿಯಲು ರೀಲಿನ ಲೆಕ್ಕ ನೋಡಬೇಕು. ಸಾವಿರ ಅಡಿಯ 35 ಎಂಎಂ ರೀಲು ಓಡುವುದು ಸುಮಾರು 11 ನಿಮಿಷ. ಎರಡೂವರೆ ಗಂಟೆಯ ಸಿನಿಮಾ ಅಂದರೆ ಹದಿನಾಲ್ಕು ರೀಲು, ಭಾರದ ಡಬ್ಬಿಗಳು. ಒಂದೊಂದು ಪ್ರಿಂಟಿಗೂ ದುಡ್ಡು ಸುರಿಯಬೇಕಿತ್ತು. ಸ್ಟಾರ್ ಸಿನಿಮಾ ಆದರೆ ಪ್ರಿಂಟ್ ಜಾಸ್ತಿ ಹಾಕಿಸುತ್ತಿದ್ದರು. ಪ್ರಶಸ್ತಿ ಸಿನಿಮಾಕ್ಕೆ ಬೆರಳೆಣಿಕೆಯಷ್ಟು. ಅವು ದೊಡ್ಡ ಊರುಗಳಲ್ಲಿ ಮಾರ್ನಿಂಗ್ ಶೋ ಆಗಿ ಓಡಿ, ಆಮೇಲೆ ಡಬ್ಬ ಸೇರುತ್ತಿದ್ದವು. ಸಿ ಸೆಂಟರ್, ಅಂದರೆ ಸಣ್ಣ ಊರು, ತಲುಪುವ ಹೊತ್ತಿಗೆ ಪ್ರಿಂಟ್ ತುಂಬಾ ಗೀರು, ಮಧ್ಯೆ ಅಲ್ಲಲ್ಲಿ ಕತ್ತರಿಸಿ ಅಂಟಿಸಿದ್ದು. ಥಿಯೇಟರಿನವರನ್ನೂ ಬೈಯುವ ಹಾಗಿಲ್ಲ. ಕರೆಂಟ್ ಬಿಲ್ ಕಟ್ಟಬೇಕಲ್ಲ.

ಹಾಗಾದರೆ ನಮ್ಮವರು ಈ ಸಿನಿಮಾಗಳನ್ನು ನೋಡಿದ್ದು ಎಲ್ಲಿ? ಟಿವಿಯಲ್ಲಿ. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಟಿವಿ ವಿಷಯದಲ್ಲಿ ಕಲಬುರಗಿ ಬೆಂಗಳೂರಿಗಿಂತ ಮುಂದಿತ್ತು. 1975ರ ಆಗಸ್ಟ್‌ನಿಂದ ಒಂದು ವರ್ಷ ಸರ್ಕಾರ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತಲುಪಿಸುವ ಪ್ರಯೋಗ ಮಾಡಿತು. ‘ಸೈಟ್’ ಅಂತ ಅದರ ಹೆಸರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿಕೊಂಡಿದ್ದರು. ಅದರಲ್ಲಿ ಅಂದಿನ ಗುಲ್ಬರ್ಗ ಜಿಲ್ಲೆಯ ಹಳ್ಳಿಗಳೂ ಇದ್ದವು. ಅದರ ಬೆನ್ನಿಗೇ 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಶುರುವಾಯಿತು. ಬೆಂಗಳೂರಿಗೆ ಟಿವಿ ಬಂದದ್ದು 1981ರಲ್ಲಿ. ‘ಸೈಟ್’ನಲ್ಲಿ ಬರುತ್ತಿದ್ದದ್ದು ಬೇಸಾಯ, ಆರೋಗ್ಯ ಇಂಥವೇ, ಸಿನಿಮಾ ಅಲ್ಲ. ಆದರೆ ಒಂದು ಪೆಟ್ಟಿಗೆಯ ಮುಂದೆ ಊರಿಗೆ ಊರೇ ಕೂರುವುದು ಇಲ್ಲಿ ಅಷ್ಟು ಬೇಗ ರೂಢಿಯಾಗಿತ್ತು. 80ರ ದಶಕದಲ್ಲಿ ಭಾನುವಾರ ಮಧ್ಯಾಹ್ನ ದೂರದರ್ಶನದವರು ಬೇರೆ ಬೇರೆ ಭಾಷೆಗಳ ಪ್ರಶಸ್ತಿ ಚಿತ್ರಗಳನ್ನು ಹಾಕುತ್ತಿದ್ದರು. ಊಟ ಮುಗಿಸಿ, ಅರ್ಧ ನಿದ್ದೆಯಲ್ಲಿ, ಬಂಗಾಳಿಯೋ ಮಲಯಾಳಮೋ ಗೊತ್ತಾಗದೆ ನೋಡಿದವರು ಇಲ್ಲಿ ಬೇಕಾದಷ್ಟಿದ್ದಾರೆ.

ನಮ್ಮ ಕಡೆಯವರು ಮತ್ತೆ ಹುಡುಕಿ ನೋಡಬೇಕಾದ ಒಂದೇ ಕನ್ನಡ ಸಿನಿಮಾ ಹೇಳು ಅಂದರೆ ನಾನು ‘ಬರ’ ಅನ್ನುತ್ತೇನೆ. ಯು.ಆರ್. ಅನಂತಮೂರ್ತಿಯವರ ಕತೆ, ನಿರ್ದೇಶನ ಎಂ.ಎಸ್. ಸತ್ಯು. ‘ಗರ್ಮ್ ಹವಾ’ ಮಾಡಿದ ಅದೇ ಸತ್ಯು. 80ರ ದಶಕದ ಆರಂಭದಲ್ಲಿ ಬಂದ ಇದು ಹಿಂದಿಯಲ್ಲೂ ‘ಸೂಖಾ’ ಹೆಸರಿನಲ್ಲಿ ತಯಾರಾಯಿತು. ಅನಂತ್ ನಾಗ್ ಒಬ್ಬ ಪ್ರಾಮಾಣಿಕ ಜಿಲ್ಲಾಧಿಕಾರಿ. ಜಿಲ್ಲೆಗೆ ಮಳೆಯಿಲ್ಲ, ಜನಕ್ಕೆ ಕಾಳಿಲ್ಲ. ಆತ ಕೇಳುವುದು ಇಷ್ಟೇ: ಇದನ್ನು ಬರಪೀಡಿತ ಜಿಲ್ಲೆ ಎಂದು ಘೋಷಿಸಿ. ಅದೊಂದು ಆಗುವುದಿಲ್ಲ. ಯಾಕೆಂದರೆ ಘೋಷಣೆಯ ಹಿಂದೆ ರಾಜಕೀಯದ ಲೆಕ್ಕ ಇದೆ. ಹಸಿವಿನ ಪ್ರಶ್ನೆ ನಿಧಾನಕ್ಕೆ ಹಿಂದೂ ಮುಸ್ಲಿಂ ಗಲಾಟೆಯ ಕಡೆ ತಿರುಗುತ್ತದೆ. ಸಿ.ಆರ್. ಸಿಂಹ ಮಾಡಿದ ಪುಢಾರಿಯನ್ನು ನೋಡಿದರೆ ಇವನನ್ನು ಎಲ್ಲೋ ನೋಡಿದ್ದೇನಲ್ಲ ಅನಿಸುತ್ತದೆ. ಎಪ್ಪತ್ತೆರಡರ ಬರ ಕಂಡ ಹಿರಿಯರು ಇರುವ ಮನೆಯಲ್ಲಿ, ತೊಗರಿ ಒಣಗಿದ ವರ್ಷ ತಾಲ್ಲೂಕಿನ ಹೆಸರು ಬರದ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಅಂತ ಕಾಯುವ ಜಿಲ್ಲೆಯಲ್ಲಿ, ಈ ಸಿನಿಮಾಕ್ಕೆ ಟಿಪ್ಪಣಿಯೇ ಬೇಡ.

ಅದೇ ಅನಂತ್ ನಾಗ್ ಅವರನ್ನು ಶ್ಯಾಮ್ ಬೆನೆಗಲ್ ಅವರ ‘ಅಂಕುರ್’ನಲ್ಲಿ (1974) ನೋಡಿ. ಅಲ್ಲಿ ಅವರು ಜಮೀನ್ದಾರನ ಮಗ. ಅಲ್ಲಿ ಕೇಳುವ ದಖನಿ, ಅಂದರೆ ಹೈದರಾಬಾದ್ ಸೀಮೆಯ ಉರ್ದು, ಮುಂಬೈಯವರಿಗೆ ಹೊಸದು, ನಮಗೆ ಪಕ್ಕದ ಮನೆಯದು. ಗೌತಮ್ ಘೋಷ್ ಅವರ ತೆಲುಗು ಚಿತ್ರ ‘ಮಾ ಭೂಮಿ’ (1979) ಇನ್ನೂ ಹತ್ತಿರದ್ದು. ನಿಜಾಮರ ಕಾಲದ ರೈತ ಹೋರಾಟ, ನಿಜಾಮರ ಪರ ನಿಂತ ರಜಾಕಾರರ ಪಡೆ, ಭಾರತದ ಸೇನೆ ಒಳಗೆ ಬಂದ ಪೊಲೀಸ್ ಆಕ್ಷನ್ ಎಲ್ಲ ಅದರಲ್ಲಿದೆ. ಬೀದರ್ ಜಿಲ್ಲೆಯ ಗೋರ್ಟಾದಲ್ಲಿ 1948ರಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡದ ಕತೆ ಕೇಳಿ ಬೆಳೆದವರಿಗೆ ಅದು ಬೇರೆ ರಾಜ್ಯದ ಕತೆ ಅನಿಸುವುದಿಲ್ಲ. ತೆಲಂಗಾಣದ ಕ್ರಾಂತಿ ಹಾಡುಗಾರ ಗದ್ದರ್ ಹಾಡುತ್ತಾ ಕಾಣಿಸಿಕೊಳ್ಳುವುದೂ ಇದರಲ್ಲೇ.

ಇನ್ನು ಜನರೇ ಕಲ್ಟ್ ಮಾಡಿದ ಒಂದು ಸಿನಿಮಾ ಇದೆ. ವಿಮರ್ಶಕರ ಪಟ್ಟಿಯಲ್ಲಿ ಇದನ್ನು ಹುಡುಕಬೇಡಿ. 2005ರ ‘ದಿ ಅಂಗ್ರೇಜ್’, ಕುಂಟಾ ನಿಖಿಲ್ ನಿರ್ದೇಶನದ್ದು. ಹೊರದೇಶದಿಂದ ಬಂದ ಇಬ್ಬರು ಹುಡುಗರು, ಚಾರ್ಮಿನಾರ್ ಹತ್ತಿರ ಹರಟೆ ಹೊಡೆಯುವ ಇಸ್ಮಾಯಿಲ್ ಭಾಯಿ, ಬಾಯಿ ಬಿಟ್ಟರೆ ಸುಳ್ಳು ಹೇಳುವ ಸಲೀಂ ಫೇಕು. ಕತೆ ಅಂತ ಹೇಳುವಂಥದ್ದೇನೂ ಇಲ್ಲ. ಮಾತೇ ಎಲ್ಲ. ಎರಡು ಸಿಡಿಯ ಈ ಸಿನಿಮಾ ಕೈಯಿಂದ ಕೈಗೆ ಹರಡಿತು. ದಖನಿ ಆಡುವ ಊರುಗಳಲ್ಲಿ ಹುಡುಗರು ಸಂಭಾಷಣೆಯನ್ನು ಬಾಯಿಪಾಠ ಮಾಡಿದರು. ಇದಕ್ಕೆ ‘ನಿಜಾಮ್’ ಸರ್ಕ್ಯೂಟಿನ ಹಂಗೇ ಬೇಕಾಗಲಿಲ್ಲ. ತಮ್ಮ ಮಾತು ತೆರೆಯ ಮೇಲೆ ಕೇಳಿದ ಖುಷಿ ಅದು, ನನಗೂ ಆಗಿದೆ. ಕಲಬುರಗಿ ಕನ್ನಡಕ್ಕೆ ಅಂಥದ್ದೊಂದು ಸಿಡಿ ಸಿಗಲಿಲ್ಲವಲ್ಲ ಅನ್ನುವ ಹೊಟ್ಟೆಕಿಚ್ಚೂ ಇದೆ.

ಈಗ ಹಳೆಯ ಚಿತ್ರಗಳನ್ನು ಹುಡುಕುವವರಿಗೆ ಯೂಟ್ಯೂಬೇ ಗತಿ. ಅಲ್ಲಿರುವ ಬಹಳಷ್ಟು ಪ್ರತಿಗಳು ಟಿವಿಯಿಂದ ಇಳಿಸಿಕೊಂಡವು. ಬಣ್ಣ ಮಾಸಿದೆ, ಅಕ್ಕಪಕ್ಕ ಕತ್ತರಿಸಿದೆ. ಒಂದು ಗಮನಿಸಿ: ಆಗಾಗ ತೆರೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಸಣ್ಣ ಚುಕ್ಕಿ ಮಿಂಚಿ ಹೋಗುತ್ತದೆ. ಏಳೆಂಟು ಸೆಕೆಂಡಿಗೆ ಇನ್ನೊಂದು. ರೀಲು ಮುಗಿಯುತ್ತಿದೆ, ಮುಂದಿನ ಪ್ರೊಜೆಕ್ಟರ್ ಶುರು ಮಾಡು ಅಂತ ಆಪರೇಟರ್‌ಗೆ ಕೊಟ್ಟ ಸನ್ನೆ ಅದು. ಮೊದಲ ಚುಕ್ಕಿಗೆ ಮೋಟಾರು, ಎರಡನೆಯದಕ್ಕೆ ಬದಲಾವಣೆ.

ಮೂಲ ನೆಗೆಟಿವೋ ಒಳ್ಳೆಯ ಪ್ರಿಂಟೋ ಉಳಿದಿದ್ದರೆ ಮಾತ್ರ ಇದಕ್ಕಿಂತ ಒಳ್ಳೆಯ ಪ್ರತಿ ಸಾಧ್ಯ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ದ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಅವರ ಸಂಸ್ಥೆ ಸೇರಿ ಅದನ್ನು ಹೊಸದಾಗಿಸಿ, 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದವು. ಎಲ್ಲ ಸಿನಿಮಾಕ್ಕೂ ಈ ಯೋಗ ಇಲ್ಲ. ಸೆಕೆಯಲ್ಲಿಟ್ಟ ಅಸಿಟೇಟ್ ಫಿಲ್ಮು ಮೊದಲು ವಿನೆಗರ್ ವಾಸನೆ ಹೊಡೆಯುತ್ತದೆ, ಆಮೇಲೆ ಸುರುಟಿಕೊಳ್ಳುತ್ತದೆ. ಒಮ್ಮೆ ಶುರುವಾದರೆ ನಿಲ್ಲಿಸಲು ಆಗುವುದಿಲ್ಲ, ತಂಪಿನಲ್ಲಿಟ್ಟು ನಿಧಾನ ಮಾಡಬಹುದು ಅಷ್ಟೇ.

ಕಾನೂನು ಒಂದು ಕಡೆ ದಾರಿ ಬಿಡುತ್ತಿದೆ. ನಮ್ಮಲ್ಲಿ ಸಿನಿಮಾದ ಹಕ್ಕು ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ. ಎನ್. ಲಕ್ಷ್ಮೀನಾರಾಯಣ್ ಅವರ ‘ನಾಂದಿ’ 1964ರದ್ದು, ರಾಜ್‌ಕುಮಾರ್ ಅಭಿನಯದ್ದು. ಕಿವಿ ಕೇಳದ ಹೆಂಡತಿಯ ಕತೆ. ಅದರ ಅವಧಿ 2024ಕ್ಕೆ ಮುಗಿದಿದೆ. ಕಾಲೇಜಿನ ಸಭಾಂಗಣದಲ್ಲಿ ತೋರಿಸಲು ನಿರ್ಮಾಪಕರ ಮನೆ ಬಾಗಿಲು ತಟ್ಟಬೇಕಿಲ್ಲ. ‘ಸಂಸ್ಕಾರ’ ಸರದಿ 2031ಕ್ಕೆ ಬರುತ್ತದೆ. ‘ಬರ’ಕ್ಕೆ ಇನ್ನೂ ಹದಿನೈದು ವರ್ಷವಾದರೂ ಬೇಕು. ಅಲ್ಲಿಯವರೆಗೆ ಅದರ ನೆಗೆಟಿವ್ ತಣ್ಣಗಿರಲಿ.